ಗೌರಕ್ಕನ ಕೈ, ಅವ್ವನ ಮುಖ

ಗೌರಕ್ಕನ ಕೈಗಳು ಅವಳಿಗಿಂತ ತಡವಾಗಿ ಏಳುತ್ತಿದ್ದವು. ಬೆಳಗಾಗುತ್ತಲೇ ಅವಳು ಬಿಸಿನೀರಿನ ಬೋಗುಣಿಯನ್ನು ಹೊಸ್ತಿಲ ಬಳಿ ಇಟ್ಟುಕೊಂಡು, ಬಿಗಿದ ಎರಡೂ ಮುಷ್ಟಿಗಳನ್ನು ಅದರಲ್ಲಿ ಮುಳುಗಿಸಿ ಕೂರುತ್ತಿದ್ದಳು. "ಏಳ್ರೆವ್ವಾ, ಹೊತ್ತು ಏರೇತಿ," ಎಂದು ಅವುಗಳಿಗೇ ಹೇಳುತ್ತಿದ್ದಳು. ಬಹಳ ಹೊತ್ತಿನ ಮೇಲೆ ನೀರಿನೊಳಗೆ ಒಂದು ಬೆರಳು ಅಲುಗುತ್ತಿತ್ತು, ಆಮೇಲೆ ಇನ್ನೊಂದು. ಅವು ಬೇರೆ ಯಾರದೋ ಬೆರಳುಗಳು ಎನ್ನುವಂತೆ ಅವಳು ಅವನ್ನು ದಿಟ್ಟಿಸುತ್ತಿದ್ದಳು.

ಎಂಬತ್ತರ ದಶಕದಲ್ಲಿ ನಾನು ಮೊರಬಕ್ಕೆ ಸೊಸೆಯಾಗಿ ಬಂದಾಗ ಅವಳಿಗೆ ನಲವತ್ತು ತುಂಬಿರಲಿಲ್ಲ. ನಮ್ಮೆರಡು ಮನೆಗಳಿಗೆ ನಡುವೆ ಒಂದೇ ಗೋಡೆ. ಅವಳು ರೊಟ್ಟಿ ಬಡಿಯುವ ಸದ್ದು ಗೋಡೆಯ ಈಚೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮೊದಲ ವರ್ಷ ಆ ಸದ್ದು ನಿಧಾನವಾಯಿತು. ನಡುನಡುವೆ ನಿಲ್ಲತೊಡಗಿತು. ಎರಡನೆಯ ವರ್ಷ ಪೂರ್ತಿ ನಿಂತುಹೋಯಿತು. ಅವಳ ಗಂಡ ಫಕೀರಪ್ಪ ತಾನೇ ಹಿಟ್ಟು ನಾದಿ, ದಪ್ಪ ದಪ್ಪ ರೊಟ್ಟಿ ಸುಟ್ಟು ಹೊಲಕ್ಕೆ ಹೋಗುತ್ತಿದ್ದ.

"ಇವು ನನ್ನ ಕೈ ಅಲ್ಲ ತಂಗೀ," ಎಂದು ಅವಳು ಒಂದು ಮಧ್ಯಾಹ್ನ ನನಗೆ ಹೇಳಿದಳು. "ನಮ್ಮವ್ವನವು. ಆಕೀದೂ ಹಿಂಗs ಆಗಿತ್ತು. ಮೊದಲು ನಡುವಿನ ಬೆರಳು, ಆಮ್ಯಾಲೆ ಬಾಜೂಕಿಂದು. ಮಣ್ಣು ಮಾಡೂ ಮುಂದ ಅಂಗೈಯಾಗ ಲಿಂಗ ಇಡಬೇಕಂದ್ರ ಮುಷ್ಟಿ ಬಿಚ್ಚಲಿಲ್ಲ. ಮ್ಯಾಲೆ ಇಟ್ಟು ಬಟ್ಟಿ ಸುತ್ತಿದ್ರು. ಈಗ ಆ ಕೈ ನನಗ ಬಂದಾವ."

ಅವಳ ಅವ್ವ ಕಡೆಗಾಲದಲ್ಲಿ ಮಗಳ ಮನೆಯಲ್ಲೇ ಇದ್ದು ತೀರಿಕೊಂಡವಳು. ನಾನು ಅವಳನ್ನು ನೋಡಿರಲಿಲ್ಲ. ಪಡಸಾಲೆಯ ಗೋಡೆಯ ಮೇಲಿದ್ದ ಪಟದಲ್ಲಷ್ಟೇ ನೋಡಿದ್ದೆ. ತುಂಬಿದ ಚಂದ್ರನಂಥ ದುಂಡು ಮುಖ, ಊದಿದ ಕೆನ್ನೆಗಳ ನಡುವೆ ಸಣ್ಣಗಾದ ಕಣ್ಣು. ಗೌರಕ್ಕನದು ಉದ್ದ ಮುಖ, ಚೂಪು ಗದ್ದ. ತಾಯಿಗೂ ಮಗಳಿಗೂ ಒಂದಿಷ್ಟೂ ಹೋಲಿಕೆ ಇಲ್ಲವಲ್ಲ ಎಂದು ನಾನು ಅಂದುಕೊಂಡದ್ದುಂಟು.

ಆ ಸುಗ್ಗಿ ಮುಗಿದ ಮೇಲೆ ನಾನು ಹೆರಿಗೆಗೆ ತವರಿಗೆ, ಬಮ್ಮಿಗಟ್ಟಿಗೆ ಹೋದೆ. ಕೂಸನ್ನು ಕಟ್ಟಿಕೊಂಡು ಮರಳಿ ಬಂದ ದಿನ ಗೋಡೆಯ ಆಚೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಹಿಂದಿಗಿಂತಲೂ ಜೋರು, ಹಿಂದಿಗಿಂತಲೂ ಬಿರುಸು. ಸಂತೋಷವಾಗಿ ಓಡಿದೆ. ಒಲೆಯ ಮುಂದೆ ನನಗೆ ಬೆನ್ನು ಮಾಡಿ ಕೂತಿದ್ದ ಹೆಂಗಸಿನ ಹೆಗಲು ಗೂನು ಬಂದಂತೆ ದಪ್ಪಗಾಗಿತ್ತು. "ಗೌರಕ್ಕಾ," ಅಂದೆ. ಅವಳು ತಿರುಗಿದಳು.

ಪಟದಲ್ಲಿದ್ದ ಮುಖ ನನ್ನನ್ನು ನೋಡಿ ನಕ್ಕಿತು.

ನಾನು ಕೂಸನ್ನು ಎದೆಗೆ ಒತ್ತಿ ಹಿಡಿದು ಹೊಸ್ತಿಲಲ್ಲೇ ನಿಂತೆ. ಅದೇ ದುಂಡು, ಅದೇ ಸಣ್ಣಗಾದ ಕಣ್ಣು. ದನಿ ಮಾತ್ರ ಗೌರಕ್ಕನದು. "ಬಾ ತಂಗಿ, ಕೂಸಿನ್ನ ತೋರ್ಸು. ಬ್ಯಾನಿ ಹೋತು ನೋಡು, ಒಂದ ವಾರದಾಗ. ಸಂತ್ಯಾಗ ಒಬ್ಬಾಂವ ಪುಡಿ ಕೊಡ್ತಾನ. ಅಗದಿ ಅಮೃತ."

ಕೂಸನ್ನು ಕೊಡಲು ನನಗೆ ಧೈರ್ಯವಾಗಲಿಲ್ಲ. ಮಲಗಿದೆ ಎಂದು ನೆಪ ಹೇಳಿ ಬಂದುಬಿಟ್ಟೆ.

ಓಣಿಯ ಹಿರಿಯಳು ದ್ಯಾಮವ್ವಜ್ಜಿ ನಮ್ಮ ಕಟ್ಟೆಗೆ ಬಂದು ಮೆಲ್ಲಗೆ ಹೇಳಿದಳು: "ಸತ್ತ ತಾಯಿ ಮೈದುಂಬ್ಯಾಳ. ಮೊದಲು ಕೈ ಬಂದ್ವು, ಈಗ ಮಾರಿ ಬಂತು. ಇನ್ನ ಉಳದದ್ದೇನು, ಜೀವಾನ." ಗೌರಕ್ಕ ಬಾವಿಗೆ ಬಂದರೆ ಉಳಿದ ಹೆಂಗಸರು ಕೊಡ ತುಂಬುವ ಮೊದಲೇ ಸರಿದುಹೋಗುತ್ತಿದ್ದರು. ಮಾತು ಅವಳ ಕಿವಿಗೂ ಬಿತ್ತು. ಕನ್ನಡಿಯ ಮೇಲೆ ಅರಿವೆ ಹಾಕಿದಳು. ಒಂದು ದಿನ ಉಳಿದಿದ್ದ ಪುಡಿಯನ್ನೆಲ್ಲ ಬಚ್ಚಲಿಗೆ ಸುರುವಿದಳು. ಒಂದೇ ಒಂದು ಪೊಟ್ಟಣ ಗೋಡೆಯ ಮಾಡದಲ್ಲಿ ಉಳಿದಿತ್ತು.

ಸುರುವಿದ ಕೆಲವೇ ದಿನಕ್ಕೆ ಅವಳು ಹಾಸಿಗೆ ಹಿಡಿದಳು. ವಾಂತಿ, ಮೈ ತಣ್ಣಗೆ, ಕೂತರೆ ಕಣ್ಣು ಕತ್ತಲೆ. "ಆಕಿದೂ ಹಿಂಗs ಶುರುವಾಗಿತ್ತು," ಎಂದು ದ್ಯಾಮವ್ವಜ್ಜಿ ಅಂದಾಗ ಫಕೀರಪ್ಪ ಎದ್ದುಹೋಗಿ ಟ್ರ್ಯಾಕ್ಟರ್ ತಂದ. ಟ್ರೇಲರಿನಲ್ಲಿ ಹೊಟ್ಟು ಹಾಸಿ, ಕೌದಿ ಹಾಕಿ ಅವಳನ್ನು ಮಲಗಿಸಿದೆವು. ಕೂಸನ್ನು ಅತ್ತೆಯ ಕೈಗಿತ್ತು ನಾನೂ ಹತ್ತಿದೆ. ಆ ಪೊಟ್ಟಣವನ್ನು ಫಕೀರಪ್ಪ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದ.

ಹುಬ್ಬಳ್ಳಿಯ ದವಾಖಾನೆಯಲ್ಲಿ ನಡುವಯಸ್ಸಿನ ಡಾಕ್ಟರಬಾಯಿ ಸಲಾಯಿನ್ ಹಚ್ಚಿಸಿ, ಸೂಜಿ ಕೊಟ್ಟು, ಆಮೇಲೆ ಪುಡಿ ನೋಡಿದರು.

"ಬೇರಿಂದು ಅಂತ ಕೊಟ್ಟಾನೇನು? ಇದರಾಗ ಸ್ಟೀರಾಯ್ಡ್ ಗುಳಿಗಿ ಅರದು ಕೂಡಿಸಿದ್ದಂಗ ಕಾಣತದ. ಬ್ಯಾನಿ ಲಗೂನ ಹೋಗತದ, ಖರೆ. ದಿನಾ ತಿಂದ್ರ ಮುಖ ಹಿಂಗ ದುಂಡಗಾಗತದ, ಹೆಗಲು ಬಾಯತದ. ಮೈ ಇದಕ್ಕ ಒಗ್ಗಿಬಿಡತದ. ಒಮ್ಮಿಗೇ ಬಿಟ್ರ ಜೀವಕ್ಕ ಅಪಾಯ."

ಫಕೀರಪ್ಪ ತಲೆ ತಗ್ಗಿಸಿ, "ಮಂದಿ ಇವರವ್ವ ಹೊಕ್ಕಾಳ ಅಂತಾರ್ರಿ. ಮಾರಿ ಹಂಗs ಆಗೇತ್ರಿ," ಎಂದ.

ಡಾಕ್ಟರಬಾಯಿ ಬರೆಯುವುದನ್ನು ನಿಲ್ಲಿಸಿದರು. "ಅವರೂ ಇಂಥ ಪುಡಿ ತಗೋತಿದ್ರೇನು?"

ಫಕೀರಪ್ಪ ಪೊಟ್ಟಣದ ಕಡೆ ನೋಡಿದ. "ತಗೋತಿದ್ಳ್ರಿ. ಪಟಾ ತಗಸಿದ್ದೂ ಅದs ವ್ಯಾಳ್ಯಾದಾಗ. ಒಂದು ಮಳಿಗಾಲ ಪುಡಿಯಾಂವ ಬರೂದು ನಿಂತ. ಆಮ್ಯಾಲೆ ಆಕಿ ಭಾಳ ದಿನಾ ಉಳೀಲಿಲ್ರಿ."

ಓಣಿಯಲ್ಲಿ ದೆವ್ವದ ಮಾತು ಕೇಳಿದಾಗ ಆಗದ ನಡುಕ ನನಗೆ ಆಗ ಆಯಿತು.

ಆಮೇಲಿನದು ನಿಧಾನದ ಕೆಲಸ. ಡಾಕ್ಟರಬಾಯಿ ಅದೇ ಮದ್ದನ್ನು ಅಳತೆಮಾಡಿ ಕೊಟ್ಟು, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಿದರು. ಕೀಲುಗಳಿಗೆ ಬೇರೆ ಗುಳಿಗೆ, ಆಗಾಗ ರಕ್ತ ತಪಾಸಣೆ. ಮೈಯನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ಕೀಲುಗಳ ಮೇಲೆ ಬೀಳುವ ಬೇನೆ ಇದು, ಬುಡಸಮೇತ ಹೋಗುವುದಿಲ್ಲ, ಆದರೆ ಹತೋಟಿಯಲ್ಲಿ ಇಡಬಹುದು ಎಂದು ಹೇಳಿಕೊಟ್ಟರು. ಬಾತಾಗ ವಿಶ್ರಾಂತಿ, ಇಳಿದಾಗ ಬೆರಳಿಗೆ ವ್ಯಾಯಾಮ. ಗೌರಕ್ಕ ಸೌಟಿನ ಹಿಡಿಕೆಗೆ ಹಳೆಯ ಸೀರೆ ಸುತ್ತಿ ದಪ್ಪ ಮಾಡಿಕೊಂಡಳು. ಕೊಡವನ್ನು ಬೆರಳಲ್ಲಿ ಎತ್ತುವುದು ಬಿಟ್ಟು ಎರಡೂ ತೋಳಲ್ಲಿ ಅಪ್ಪಿ ತಂದಳು. ರೊಟ್ಟಿಯನ್ನು ಲಟ್ಟಣಿಗೆಯಲ್ಲಿ ಲಟ್ಟಿಸಿದಳು. "ಲಟ್ಟಿಸಿದ್ದು ರೊಟ್ಟಿ ಏನs?" ಎಂದು ದ್ಯಾಮವ್ವಜ್ಜಿ ಮೂಗು ಮುರಿದರೆ, "ತಿನ್ನಬ್ಯಾಡ ಬಿಡ ಬೇ," ಅನ್ನುತ್ತಿದ್ದಳು.

ಓಡಾಡುವಷ್ಟು ಚೇತರಿಸಿಕೊಂಡ ಕೂಡಲೇ ಅವಳು ನನ್ನನ್ನು ಜೊತೆಗೆ ಕರೆದುಕೊಂಡು ಸಂತೆಗೆ ಹೊರಟಳು. ಮುಖ ಇನ್ನೂ ಇಳಿದಿರಲಿಲ್ಲ. ಪುಡಿ ಮಾರುವ ಮುದುಕನ ಎದುರಿಗೆ ಗೋಣಿತಟ್ಟು ಹಾಸಿ, ಸೊಟ್ಟ ಕೈಗಳನ್ನು ತೊಡೆಯ ಮೇಲಿಟ್ಟು, ಸೆರಗು ಸರಿಸಿ ಕೂತಳು. ಬಾಯಿ ಬಿಡಲಿಲ್ಲ. ಪುಡಿಗೆ ಬಂದವರು ಆ ಮುಖ ನೋಡಿ, "ಏನಾಗೇತಿ ಯವ್ವಾ?" ಅಂದರೆ ಪುಡಿಯ ಕಡೆ ಗದ್ದ ಎತ್ತಿ ತೋರಿಸುತ್ತಿದ್ದಳು. ಅವರು ಹಿಂದಕ್ಕೆ ಹೋಗುತ್ತಿದ್ದರು. ಮುಂದಿನ ಸಂತೆಗೂ ಹಾಗೆಯೇ ಕೂತಳು.

ಕಡೆಗೆ ಮುದುಕನೇ ಕೈ ಮುಗಿದ. "ಮನೀಗೆ ಹೋಗ್ರೆವ್ವಾ. ನನ್ನ ಹೊಟ್ಟಿ ಮ್ಯಾಲೆ ಯಾಕ ಬಡೀತೀರಿ? ಇದರಾಗೇನೈತಿ ನನಗೂ ಗೊತ್ತಿಲ್ಲ. ಪ್ಯಾಟ್ಯಾಗ ಅರದು ಕೊಡ್ತಾರ, ಮಾರ್ತೀನಿ."

ಗೌರಕ್ಕ ಮುಂದಕ್ಕೆ ಬಾಗಿ ಅವನನ್ನು ದಿಟ್ಟಿಸಿದಳು. ನಾನೂ ನೋಡಿದೆ. ರುಮಾಲಿನ ಕೆಳಗಿದ್ದದ್ದು ಊದಿದ ಕೆನ್ನೆ, ಸಣ್ಣಗಾದ ಕಣ್ಣು. ಮೂರನೆಯ ಸಲ ನಾನು ಅದೇ ಮುಖವನ್ನು ನೋಡುತ್ತಿದ್ದೆ.

"ನೀನೂ ತಿಂತೀ," ಎಂದಳು ಗೌರಕ್ಕ.

"ಮಣಕಾಲು ಏಳಗೊಡೂದಿಲ್ಲವ್ವ."

ಅವಳ ದನಿಯಲ್ಲಿದ್ದ ಸಿಟ್ಟು ಇಳಿದುಹೋಯಿತು. "ಒಮ್ಮಿಗೇ ಬಿಡಬ್ಯಾಡ ಕಾಕಾ, ಸಾಯ್ತಿ. ಪುಡಿ ಹಿಡಕೊಂಡ ಹುಬ್ಬಳ್ಳಿಗೆ ಹೋಗು," ಎಂದು ದವಾಖಾನೆಯ ದಾರಿಯನ್ನು ಹೇಳಿಕೊಟ್ಟಳು. ಮುಂದೆ ಅವನು ನಮ್ಮ ಸಂತೆಗೆ ಬರಲಿಲ್ಲ. ಹುಬ್ಬಳ್ಳಿಗೆ ಹೋದನೋ, ಬೇರೆ ಸಂತೆ ಹಿಡಿದನೋ, ತಿಳಿಯಲಿಲ್ಲ.

ನನ್ನ ಯಜಮಾನರಿಗೆ ಕುಂದಗೋಳಕ್ಕೆ ವರ್ಗವಾಯಿತು. ನಾವು ಅಲ್ಲಿದ್ದಾಗಲೇ, ಕೆಲವು ವರ್ಷಗಳ ನಂತರ, ಗೌರಕ್ಕ ಜ್ವರದಿಂದ ತೀರಿಕೊಂಡಳಂತೆ. ಸುದ್ದಿ ತಡವಾಗಿ ತಲುಪಿತು. ಆದ್ದರಿಂದ ನನ್ನ ಪಾಲಿಗೆ ಕೊನೆಯ ಭೇಟಿಯೆಂದರೆ ಮೊರಬ ಬಿಟ್ಟ ದಿನದ್ದೇ. ಅಷ್ಟರಲ್ಲಿ ಅವಳ ಉದ್ದ ಮುಖ, ಚೂಪು ಗದ್ದ ತಿರುಗಿ ಬಂದಿದ್ದವು. ಅದನ್ನೇ ಹೇಳಿದೆ: "ಅಗದಿ ಮೊದಲಿನಂಗ ಆದಿ ನೋಡಕ್ಕಾ."

ಅವಳು ಕೆನ್ನೆಯನ್ನು ಕೈಯಿಂದ ಸವರಿಕೊಂಡಳು. "ಹೌದು. ಮಂದಿ ಹೆದರಿದ್ರು, ನಾನೂ ಹೆದರಿದ್ದೆ. ಆದ್ರ ಕನ್ನಡಿಗೆ ಅರಿವಿ ಹಾಕಿದ್ದು ಹೆದರಿ ಅಲ್ಲ ತಂಗಿ. ಸಣ್ಣಾಕಿದ್ದಾಗಿಂದ ಅವ್ವಗ ನಾ ಒಂದೂ ಮಾತು ಹೇಳದs ಬಿಟ್ಟಾಕಿ ಅಲ್ಲ. ದಿನಾ ಮುಂಜಾನಿ ಅರಿವಿ ಸರಿಸಿ ನಿಂತು, ಆಕೀ ಕೂಡ ಮಾತಾಡ್ತಿದ್ನಿ. ಮತ್ತ ಮುಚ್ಚತಿದ್ನಿ, ಯಾರೂ ನೋಡಬಾರದಂತ."

ಆಮೇಲೆ ಅಂದಳು: "ಗುಳಿಗಿ ತಗೊಂಡಂಗೆಲ್ಲಾ ಕನ್ನಡಿಯಾಗ ಆಕಿ ದಿನಕ್ಕೊಂದೀಟ ತೆಳ್ಳಗಾಗಿ ಹ್ವಾದ್ಲು. ಕಡೀ ದಿನಾ ಯಾವುದಂತ ನನಗ ಗೊತ್ತಾಗಲಿಲ್ಲ ನೋಡು."