ಕಾರು ಹೊರಡುವ ತನಕ

ನನ್ನ ಬಾಯಿ ಎಂಥದು ಅಂತ ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಲಿನವನು, ಹೂವಿನವಳು, ಎದುರು ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸುತ್ತಿದ್ದ ಮೇಸ್ತ್ರಿ, ಎಲ್ಲರೂ ಅದರ ರುಚಿ ನೋಡಿದವರೇ. ಅದಕ್ಕೇ ಆ ಶುಕ್ರವಾರ ಬೆಳಿಗ್ಗೆ ನಮ್ಮ ಯಜಮಾನರು ನನ್ನನ್ನು ದೇವರ ಕೋಣೆಗೆ ಕರೆದು ಆಣೆ ಹಾಕಿಸಿಕೊಂಡರು.

"ಬೀಗರ ಕಾರು ಹೊರಡೋ ತನಕ ನೀನು ಬಾಯಿ ಬಿಡಬಾರದು. ಅವರು ಏನೇ ಅನ್ಲಿ. ಮಗಳ ಬಾಳು ಕಣೇ ಇದು."

ವಿಭೂತಿ ಗಟ್ಟಿ ಮುಟ್ಟಿ ಆಯಿತು ಅಂದೆ. ಮನಸ್ಸಿಲ್ಲದ ಮನಸ್ಸಿನಿಂದಲೇ ಅಂದೆ, ಆದರೆ ಅಂದೆ.

ಮಗಳ ಮದುವೆ ಬುಧವಾರ ವಿಶ್ವೇಶ್ವರಪುರದ ಛತ್ರದಲ್ಲಿ ಆಗಿತ್ತು. ಗಂಡಿನ ಕಡೆಯವರು ನಮ್ಮ ಜನವೇ, ಆದರೆ ಅಜ್ಜನ ಕಾಲದಿಂದ ನಾಗಪುರದಲ್ಲಿ ಬಟ್ಟೆ ವ್ಯಾಪಾರ. ಅಳಿಯನಿಗೆ ತಂದೆ ಇಲ್ಲ, ತಾಯಿಯೇ ಎಲ್ಲ. ಬಂದಿದ್ದ ನೆಂಟರೆಲ್ಲ ಗುರುವಾರ ರೈಲು ಹತ್ತಿದರು. ಉಳಿದದ್ದು ಬೀಗಿತ್ತಿ, ಅಳಿಯ, ನನ್ನ ಮಗಳು. ಮೂವರೂ ಬಸವನಗುಡಿಯ ಹೋಟೆಲಿನಲ್ಲಿದ್ದರು. ಅಲ್ಲಿಂದ ಏರ್‌ಪೋರ್ಟಿಗೆ ಕಳಿಸಿಕೊಡುವುದು ಹೆಣ್ಣಿನವರ ಕೆಲಸ. ಛತ್ರದ ಊಟ ಎಷ್ಟೇ ಚೆನ್ನಾಗಿರಲಿ, ಕಳಿಸಿಕೊಡುವಾಗ ಒಂದು ಹೆಚ್ಚುಕಮ್ಮಿಯಾದರೆ ಸಾಕು, ಮಗಳು ಸಾಯುವ ತನಕ ಆ ಮಾತು ಕೇಳಬೇಕು. ಇದು ನನಗೆ ಗೊತ್ತಿಲ್ಲದ್ದಲ್ಲ. ನಾನೂ ಕೇಳಿದವಳೇ.

ಮಗಳನ್ನು ಮನೆ ತುಂಬಿಸಿಕೊಂಡದ್ದು ಕೂಡ ಆ ಹೋಟೆಲಿನಲ್ಲೇ. ಮುಹೂರ್ತ ಮೀರಬಾರದು, ನಾಗಪುರ ದೂರ ಅಂತ ಬೀಗಿತ್ತಿ ರೂಮಿನ ಬಾಗಿಲಲ್ಲೇ ಅಕ್ಕಿ ತುಂಬಿದ ಸೇರು ಇಡಿಸಿದರು. ಮಗಳು ಬಲಗಾಲಿನಿಂದ ಒದ್ದಳು. ಅಕ್ಕಿಯೆಲ್ಲ ಕಾರ್ಪೆಟ್ಟಿನ ಸಂದಿಗೆ ಸೇರಿತು. ಬಾಗಿಲು ಮುಚ್ಚಿಕೊಂಡಿತು, ನಾವು ಹೊರಗೆ ಉಳಿದೆವು. ಲಿಫ್ಟಿಗೆ ಕಾಯುವಾಗ ಆ ಬಾಗಿಲಿನ ಮೇಲಿನ ನಂಬರನ್ನೇ ಯಾಕೋ ಮತ್ತೆ ಮತ್ತೆ ಓದಿದೆ. ಹೆಣ್ಣು ಕಳಿಸಿಕೊಟ್ಟ ಸಂಕಟ ಅಂದುಕೊಂಡೆ.

ಕಾರು ಬುಕ್ ಮಾಡುವುದು ನನ್ನ ಪಾಲಿಗೆ ಬಂತು. ನಮ್ಮ ಯಜಮಾನರಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಒಂದು ಕೊಳಗವನ್ನು ಬೆರಳಲ್ಲಿ ತಟ್ಟಿ ಅದರ ಗುಣ ಹೇಳುತ್ತಾರೆ, ಫೋನು ತಟ್ಟುವುದು ಮಾತ್ರ ಬರುವುದಿಲ್ಲ. ಗುರುವಾರ ಮಧ್ಯಾಹ್ನ ಊಟ ಆದ ಮೇಲೆ ಕನ್ನಡಕ ಏರಿಸಿಕೊಂಡು ಕೂತೆ. ಯಾವ ಹೋಟೆಲು, ಎಷ್ಟು ಜನ, ಎಷ್ಟು ಸೂಟ್‌ಕೇಸು, ವಿಮಾನ ಎಷ್ಟು ಹೊತ್ತಿಗೆ, ಟ್ಯಾಕ್ಸಿ ಆ್ಯಪ್ ಎಲ್ಲ ಕೇಳಿತು. ಮೂರೇ ಜನರಾದರೂ ಸಾಮಾನಿರುತ್ತೆ, ಬೀಗಿತ್ತಿಯ ಮುಂದೆ ಮರ್ಯಾದೆಯೂ ಇರಬೇಕು ಅಂತ ದೊಡ್ಡ ಕಾರನ್ನೇ ಒತ್ತಿದೆ. ಕೊನೆಗೆ ಪ್ರಯಾಣಿಕರ ಮೊಬೈಲ್ ನಂಬರ್ ಕೊಡಿ ಅಂತ ಬಂತು. ಮಗಳ ನಂಬರ್ ಹಾಕಿದೆ. ಬೇರೆ ಯಾವುದು ಹಾಕಲಿ? ನನಗೆ ಬಾಯಿಪಾಠ ಇರುವುದು ಅದೊಂದೇ.

ಬುಕ್ ಆದ ಕೂಡಲೇ ಅವಳಿಗೆ ಮೆಸೇಜು ಹಾಕಿದೆ, "ಪುಟ್ಟಿ, ಕಾರು ಹೇಳಿದೀನಿ, ಡ್ರೈವರ್ ನಿನಗೇ ಫೋನ್ ಮಾಡ್ತಾನೆ". ಒಂದೇ ಟಿಕ್ ಬಂತು. ಅದರ ಮೇಲಿನದಕ್ಕೂ ಒಂದೇ ಟಿಕ್. ಅದಕ್ಕೂ ಮೇಲಿನದಕ್ಕೂ ಒಂದೇ. ಬುಧವಾರ ಸಂಜೆ "ಊಟ ಮಾಡಿದ್ಯಾ" ಅಂತ ಕೇಳಿದ್ದೂ ಅವಳಿಗೆ ಮುಟ್ಟಿರಲಿಲ್ಲ.

ನನ್ನ ಮಗಳು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಮಾತು ನನ್ನದೇ, ಅದರಲ್ಲಿ ಸಂದೇಹವೇ ಇಲ್ಲ. ಸ್ಕೂಲಿನಿಂದ ಮನೆಗೆ ಬರುವಷ್ಟರಲ್ಲಿ ಬಸ್ಸಿನಲ್ಲಿ ಯಾರು ಯಾರಿಗೆ ಬೈದರು ಅನ್ನುವುದೂ ಸೇರಿ ಎಲ್ಲ ನನ್ನ ಫೋನಿಗೆ ಬಂದಿರುತ್ತಿತ್ತು. ಅಂಥವಳಿಂದ ಒಂದಕ್ಷರ ಇಲ್ಲ. "ಹೊಸದಾಗಿ ಮದುವೆಯಾದವರು, ಬಿಡೇ, ನಿನ್ನ ಹತ್ರ ಹರಟೆ ಹೊಡೀತಾ ಕೂರ್ತಾಳಾ?" ಅಂತ ನಮ್ಮವರು ನಕ್ಕರು. ನಾನೂ ನಕ್ಕೆ. ನಗುತ್ತಲೇ ಇನ್ನೊಂದು ಸಲ ಫೋನು ನೋಡಿದೆ.

ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಕಾರು ಹೋಟೆಲಿನ ಗೇಟು ದಾಟಿರಬೇಕು ಅಂತ ಬೀಗಿತ್ತಿ ಮೊದಲೇ ತಿಳಿಸಿದ್ದರು. ನಾವು ಒಂದು ಗಂಟೆ ಮುಂಚೆಯೇ ಮಡಿಲಕ್ಕಿ ಸಾಮಾನು, ಚಕ್ಕುಲಿ ಡಬ್ಬ, ಕೊಬ್ಬರಿ ಮಿಠಾಯಿ ಹಿಡಿದುಕೊಂಡು ಹೋದೆವು. ಮೂವರೂ ಆಗಲೇ ಕೆಳಗೆ ಬಂದು ಲಾಬಿಯ ಸೋಫಾದಲ್ಲಿ ಕೂತಿದ್ದರು. ಬೀಗಿತ್ತಿ ನಡುವೆ, ಆ ಕಡೆ ಮಗ, ಈ ಕಡೆ ನನ್ನ ಮಗಳು. ಮಗಳು ಎದ್ದು ಬರಲಿಲ್ಲ. ಅತ್ತೆಯ ಮುಖ ನೋಡಿದಳು, ಅವರು ತಲೆಯಾಡಿಸಿದ ಮೇಲೆ ಎದ್ದಳು.

ಬೀಗಿತ್ತಿಯ ಬಗ್ಗೆ ಒಂದು ಮಾತು ಹೇಳಬೇಕು. ಆಕೆ ದನಿ ಎತ್ತುವವರಲ್ಲ. ಬಲು ಮೆತ್ತಗೆ, ಬಲು ಸಿಹಿ. ಜೋರು ಬಾಯಿಯವರಿಗೆ ನಾನು ಹೆದರುವುದಿಲ್ಲ, ಯಾಕೆಂದರೆ ನಾನೇ ಜೋರು, ಕೂಗಿ ಮುಗಿದ ಮೇಲೆ ನಮ್ಮಂಥವರ ಹೊಟ್ಟೆಯಲ್ಲಿ ಏನೂ ಉಳಿದಿರುವುದಿಲ್ಲ. ಈಕೆಯ ಎದುರು ನಿಂತಾಗ ಮಾತ್ರ ನನಗೆ ನಿಜವಾಗಿ ಭಯವಾಗುತ್ತಿತ್ತು.

ಮಗಳಿಗೆ ಮಡಿಲು ತುಂಬಿದೆ. ಸೆರಗು ಹಿಡಿದ ಅವಳ ಕೈ ತಣ್ಣಗಿತ್ತು. "ಕಾಫಿ ಕುಡಿದ್ಯೇನೇ?" ಅಂದೆ, ದಿನಕ್ಕೆ ಅದೆಷ್ಟು ಲೋಟ ಕುಡಿಯುತ್ತಿದ್ದಳೋ ದೇವರೇ ಬಲ್ಲ.

"ಅವಳು ಕಾಫಿ ಬಿಟ್ಟಿದಾಳೆ ಬೀಗ್ರೇ," ಅಂದರು ಬೀಗಿತ್ತಿ. "ನಮ್ಮನೇಲಿ ಹೆಣ್ಮಕ್ಕಳು ಕುಡಿಯಲ್ಲ."

ಎರಡು ದಿನಕ್ಕೆ ಬಿಟ್ಟಳಂತೆ! ನಾಲಿಗೆಯ ತುದಿಗೆ ಬಂತು. ನಮ್ಮವರು ಕೆಮ್ಮಿದರು. ನುಂಗಿಕೊಂಡೆ.

ಆಮೇಲೆ ಆಕೆ ಚೀಲದಿಂದ ಒಂದು ನೀಲಿ ಫೈಲು ತೆಗೆದು ನನ್ನ ತೊಡೆಯ ಮೇಲಿಟ್ಟರು. ಮಗಳ ಡಿಗ್ರಿ, ಬಿ.ಎಡ್. ಸರ್ಟಿಫಿಕೇಟುಗಳು. ನಾಗಪುರದಲ್ಲಿ ಒಂದು ಸ್ಕೂಲಿಗೆ ಸೇರುತ್ತಾಳೆ ಅಂತಲೇ ಮಾತಾಗಿತ್ತು, ಅದಕ್ಕೇ ನಾನೇ ಜೋಡಿಸಿ ಕಳಿಸಿದ್ದ ಫೈಲು. "ಇದು ನಿಮ್ಮ ಹತ್ರಾನೇ ಇರ್ಲಿ. ಅಲ್ಲಿ ಇದರ ಅಗತ್ಯ ಬೀಳಲ್ಲ."

"ಸ್ಕೂಲು...?" ಅಂದೆ.

"ನೋಡೋಣ, ಮುಂದೆ," ಅಂದರು. ಅಳಿಯನ ಕಡೆ ತಿರುಗಿದೆ. ಅವನು ಫೋನಿನಿಂದ ತಲೆಯೆತ್ತಿ ಚೆನ್ನಾಗಿಯೇ ನಕ್ಕ. "ಅಮ್ಮ ಯೋಚನೆ ಮಾಡಿರ್ತಾರೆ ಅತ್ತೆ." ಮಗಳು ತನ್ನ ಬಳೆಗಳನ್ನು ನೋಡುತ್ತಾ ಕೂತಿದ್ದಳು.

ಹತ್ತಾಯಿತು. ಕಾರಿನ ಸುಳಿವಿಲ್ಲ. ನಮ್ಮವರು ಬಾಗಿಲಿಗೂ ಸೋಫಾಕ್ಕೂ ಓಡಾಡತೊಡಗಿದರು. ಬೀಗಿತ್ತಿ ಗೋಡೆಯ ಗಡಿಯಾರವನ್ನು ನೋಡಿ ನಿಟ್ಟುಸಿರು ಬಿಟ್ಟು, "ಇರ್ಲಿ ಬಿಡಿ. ಎಲ್ಲರಿಗೂ ಎಲ್ಲಾ ಅಭ್ಯಾಸ ಇರಲ್ಲ," ಅಂದರು. ಮೈಯೆಲ್ಲ ಉರಿಯಿತು. ನಾನು ಕಾರಿನ ಕಂಪನಿಗೆ ಫೋನು ಹಚ್ಚಿದೆ. ಆ ಕಡೆಯ ಹುಡುಗಿ, "ಮೇಡಂ, ಗಾಡಿ ಬಂದು ತುಂಬಾ ಹೊತ್ತಾಯ್ತು. ಮುಂದಿನ ರಸ್ತೆ ಅಗೆದಿದಾರಂತೆ, ಡ್ರೈವರ್ ಹಿಂದಿನ ಗೇಟಲ್ಲಿದಾರೆ. ಪ್ಯಾಸೆಂಜರ್‌ಗೆ ಟ್ರೈ ಮಾಡ್ತಾನೇ ಇದಾರೆ. ನಿನ್ನೆಯಿಂದ ನಾವೂ ಮಾಡ್ತಿದೀವಿ. ಫೋನ್ ಸ್ವಿಚ್ ಆಫ್ ಇದೆ," ಅಂದಳು.

ಪ್ಯಾಸೆಂಜರ್ ನನ್ನ ಎದುರಿಗೇ ಕೂತಿದ್ದಳು. ಅವಳ ಕೈ ನೋಡಿದೆ. ಮದರಂಗಿ ಇತ್ತು, ಹಸಿರು ಬಳೆ ಇತ್ತು, ಫೋನು ಇರಲಿಲ್ಲ. ಇಷ್ಟು ಹೊತ್ತೂ ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

"ನಿನ್ನ ಫೋನೆಲ್ಲೇ?"

ಅವಳು ಅತ್ತೆಯ ಚೀಲದ ಕಡೆ ನೋಡಿದಳು. ಉತ್ತರ ಪಕ್ಕದಿಂದ ಬಂತು. "ನನ್ನ ಹತ್ರ ಜೋಪಾನವಾಗಿದೆ ಬೀಗ್ರೇ. ಹೊಸ ಸೊಸೆ ಮನೆಗೆ ಹೊಂದ್ಕೋಬೇಕು ಅಂದ್ರೆ ತವರಿನ ಎಳೆತ ಇರಬಾರದು. ಒಂದಾರು ತಿಂಗಳು ಕಳೀಲಿ, ಕೊಡ್ತೀನಿ. ನೀವು ಬರೋದಿದ್ರೂ ಆಮೇಲೇ ಬನ್ನಿ, ನಾನೇ ಹೇಳಿ ಕಳಿಸ್ತೀನಿ."

ಆರು ತಿಂಗಳು. ಹಾಲು ಇನ್ನರ್ಧ ಲೀಟರ್ ಜಾಸ್ತಿ ಹಾಕಿ ಅನ್ನುವಷ್ಟು ಸಲೀಸಾಗಿ ಅಂದುಬಿಟ್ಟರು. ನಮ್ಮವರ ಮುಖ ನೋಡಿದೆ. ಅವರ ಮುಖ ಬಿಳುಚಿಕೊಂಡಿತ್ತು, ಆದರೂ ಕಣ್ಣಲ್ಲೇ ನನಗೆ ಬೇಡ ಬೇಡ ಅನ್ನುತ್ತಿದ್ದರು. ಮೊನ್ನೆಯಷ್ಟೇ ಪೇಟೆಯ ಅರ್ಧ ಜನ ಬಂದು ಅಕ್ಷತೆ ಹಾಕಿ ಹೋಗಿದ್ದರು.

ಅಷ್ಟರಲ್ಲಿ ಡ್ರೈವರೇ ಸುತ್ತು ಹಾಕಿ ಕಾರನ್ನು ಮುಂದಿನ ಬಾಗಿಲಿಗೆ ತಂದ. ನಡುವಯಸ್ಸಿನ ಮನುಷ್ಯ, ಸಾಕಾಗಿಹೋದ ಮುಖ. ಸೂಟ್‌ಕೇಸುಗಳನ್ನು ಹಿಂದೆ ಏರಿಸಿ, "ಲೇಟಾಗ್ತಿದೆ, ಬೇಗ ಓಟಿಪಿ ಹೇಳ್ಬಿಡಿ," ಅಂದ.

ನನ್ನ ಫೋನು ನೋಡಿದೆ, ಅದಕ್ಕೆ ಬಂದಿರಲಿಲ್ಲ.

"ಬುಕ್ಕಿಂಗಲ್ಲಿರೋ ನಂಬರ್‌ಗೆ ಬಂದಿರತ್ತೆ. ಅದು ಹಾಕದೆ ಟ್ರಿಪ್ ಸ್ಟಾರ್ಟ್ ಆಗಲ್ಲ."

"ಕಂಪನಿಗೆ ಹೇಳಿ ನಂಬರ್ ಬದಲಾಯಿಸೋಕಾಗಲ್ವಾ?" ಅಂದರು ನಮ್ಮವರು. ಆಗುತ್ತಂತೆ, ಆದರೆ ಹೊತ್ತು ಹಿಡಿಯುತ್ತಂತೆ. ಬೀಗಿತ್ತಿ ಗಡಿಯಾರ ನೋಡಿದರು. ರಾಹುಕಾಲಕ್ಕೆ ಐದೋ ಆರೋ ನಿಮಿಷ ಉಳಿದಿತ್ತು. ಅವರು ಚೀಲದ ತಳಕ್ಕೆ ಕೈ ಹಾಕಿ ಕರ್ಚೀಫಿನಲ್ಲಿ ಸುತ್ತಿದ್ದ ಫೋನು ಹೊರಗೆ ತೆಗೆದರು. ಬಿಚ್ಚಿ, ಆನ್ ಮಾಡಿ, ಮಗಳ ಕೈಗೆ ಕೊಟ್ಟರು. ಕೊಟ್ಟ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ನಂಬರ್ ಹೇಳಿ ವಾಪಸ್ ಕೊಟ್ಬಿಡು," ಅಂದರು.

ಫೋನಿಗೆ ಜೀವ ಬಂದದ್ದೇ ಟಣ್ ಟಣ್ ಅಂತ ಬಡಿದುಕೊಳ್ಳತೊಡಗಿತು. ಎಲ್ಲ ನನ್ನವು. ಊಟ ಮಾಡಿದ್ಯಾ. ನಿದ್ದೆ ಬಂತಾ. ಯಾಕೆ ಪುಟ್ಟಿ ಮಾತಾಡ್ತಿಲ್ಲ. ಕೋಪಾನಾ. ಮಗಳು ಓಟಿಪಿ ಹುಡುಕಲಿಲ್ಲ, ಒಂದೊಂದಾಗಿ ಅವನ್ನೇ ಓದಿದಳು. ಓದುತ್ತಾ ಅವಳ ಮೂಗಿನ ತುದಿ ಕೆಂಪಗಾಯಿತು. ಚಿಕ್ಕವಳಿದ್ದಾಗಿನಿಂದಲೂ ಹಾಗೇ, ಅಳುವುದಕ್ಕೆ ಮುಂಚೆ ಮೂಗು ಹೇಳಿಬಿಡುತ್ತದೆ.

"ಹೇಳಿ ಮೇಡಂ," ಅಂದ ಡ್ರೈವರ್.

"ಹೇಳಮ್ಮ, ರಾಹುಕಾಲ ಬಂತು," ಅಂದರು ಬೀಗಿತ್ತಿ. ಅಳಿಯ ಆಗಲೇ ಕಾರಿನ ಬಾಗಿಲು ತೆಗೆದು ಹಿಡಿದಿದ್ದ.

ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. "ಅಮ್ಮಾ, ಹೇಳ್ಲಾ?"

ನಮ್ಮವರು ನನ್ನ ಮೊಣಕೈ ಹಿಡಿದುಕೊಂಡರು. ಆಣೆ ನೆನಪಿತ್ತು. ಕಾರು ಇನ್ನೂ ಹೊರಟಿರಲಿಲ್ಲ. ಅವಳು ಕೇಳುತ್ತಿರುವುದು ಏನು ಅಂತ ಅಲ್ಲಿ ನಿಂತಿದ್ದ ಎಲ್ಲರಿಗೂ ಗೊತ್ತಿತ್ತು, ಆ ಡ್ರೈವರಿಗೂ ಗೊತ್ತಾಯಿತು ಅಂತ ಕಾಣುತ್ತೆ, ಅವನು ಮುಖ ಬೇರೆ ಕಡೆ ತಿರುಗಿಸಿದ.

"ಬೇಡ ಕಣೇ," ಅಂದೆ. "ಹೇಳ್ಬೇಡ."

ನಾನು ಕೂಗಾಡುತ್ತೇನೆ ಅಂತ ನಾನೇ ಅಂದುಕೊಂಡಿದ್ದೆ. ಬೆಳಿಗ್ಗೆಯಿಂದ ಕಟ್ಟಿಟ್ಟುಕೊಂಡದ್ದು ಎಷ್ಟಿತ್ತು! ಒಂದೂ ಹೊರಗೆ ಬರಲಿಲ್ಲ. ಫೋನಿಗಾಗಿ ಚಾಚಿದ್ದ ಆ ಕೈಯನ್ನು ಬೀಗಿತ್ತಿ ನಿಧಾನವಾಗಿ ಮಡಚಿಕೊಂಡರು. "ಯೋಚನೆ ಮಾಡಿ ಮಾತಾಡಿ ಬೀಗ್ರೇ. ಇದು ಇಲ್ಲಿಗೆ ಮುಗಿಯಲ್ಲ," ಅಂದರು, ಅದೇ ಮೆತ್ತನೆಯ ದನಿಯಲ್ಲಿ. ಅಳಿಯ ಅಮ್ಮನ ಮುಖ ನೋಡಿದ, ನನ್ನ ಮಗಳ ಮುಖ ನೋಡಿದ, ಮತ್ತೆ ಅಮ್ಮನ ಮುಖ ನೋಡಿದ. "ಅಮ್ಮಾ, ಫ್ಲೈಟು," ಅಂದ. ಅಷ್ಟೇ ಅಂದದ್ದು. ತಮ್ಮ ಸೂಟ್‌ಕೇಸುಗಳನ್ನು ಇಳಿಸಿಕೊಂಡು, ಹೋಟೆಲಿನವರು ಕರೆಸಿದ ಬೇರೆ ಟ್ಯಾಕ್ಸಿಯಲ್ಲಿ ಇಬ್ಬರೂ ಹೊರಟುಹೋದರು. ರಾಹುಕಾಲ ಶುರುವಾಗಿತ್ತು. ಹಿಂದಿನ ಗಾಜಿನಲ್ಲಿ ಅವನ ತಲೆ ಒಮ್ಮೆಯೂ ತಿರುಗಲಿಲ್ಲ.

ನಮ್ಮವರು ಸೋಫಾದಲ್ಲಿ ಕುಸಿದು ಕೂತಿದ್ದರು. ಚಕ್ಕುಲಿ ಡಬ್ಬ ಅವರ ಕಾಲ ಬಳಿಯೇ ಉಳಿದಿತ್ತು.

"ಟ್ರಿಪ್ ಕ್ಯಾನ್ಸಲ್ಲಾ ಮೇಡಂ?" ಅಂತ ಡ್ರೈವರ್ ಮೆಲ್ಲಗೆ ಕೇಳಿದ. ಮಗಳ ಒಂದು ಸೂಟ್‌ಕೇಸು ಅವನ ಗಾಡಿಯಲ್ಲೇ ಇತ್ತು.

"ಡ್ರಾಪ್ ಬದಲಾಯಿಸಬಹುದಾ?" ಅಂದಳು ಮಗಳು. "ಏರ್‌ಪೋರ್ಟ್ ಅಲ್ಲ. ಚಾಮರಾಜಪೇಟೆ." ಆಮೇಲೆ ಫೋನು ನೋಡಿ, ಮಕ್ಕಳಿಗೆ ಬೋರ್ಡಿನ ಮೇಲಿನ ಲೆಕ್ಕ ಓದಿ ಹೇಳುವಂತೆ, ಒಂದೊಂದೇ ಅಂಕಿ ಬಿಡಿಸಿ ಓಟಿಪಿ ಹೇಳಿದಳು.

ನಮ್ಮವರು ಮುಂದೆ ಕೂತರು, ನಾವಿಬ್ಬರು ಹಿಂದೆ. ಗಾಂಧಿ ಬಜಾರು ದಾಟಿದ ಮೇಲೆ ಅವಳೇ ಅಂದಳು, "ಅವರನ್ನ ಕೇಳ್ದೆ ಅಮ್ಮಾ, ಫೋನ್ ಕೊಡ್ಸಿ ಅಂತ. ನಮ್ಮಮ್ಮನ್ನೇ ಕೇಳ್ಕೋ ಅಂದ್ರು." ಅವಳ ಕೈ ಇನ್ನೂ ತಣ್ಣಗೇ ಇತ್ತು. ನನ್ನ ಎರಡು ಕೈಯ ನಡುವೆ ಇಟ್ಟುಕೊಂಡೆ.

ಆಗ ಫೋನು ಹೊಡೆದುಕೊಂಡಿತು. ಬೀಗಿತ್ತಿ. ನಿಂತಿತು. ಮತ್ತೆ ಹೊಡೆದುಕೊಂಡಿತು. ಆಮೇಲೆ ನಾಗಪುರದ ಯಾವುದೋ ಗೊತ್ತಿಲ್ಲದ ನಂಬರ್. ಆಮೇಲೆ ಇನ್ನೊಂದು. ಅಷ್ಟು ಬೇಗ ಅಲ್ಲೆಲ್ಲ ಸುದ್ದಿ ಮುಟ್ಟಿಬಿಟ್ಟಿತ್ತು. ಸಂಜೆಯೊಳಗೆ ನಮ್ಮ ಪೇಟೆಗೂ ಮುಟ್ಟುತ್ತದೆ, ನಾಳೆ ಅಂಗಡಿಗೇ ಯಾರಾದರೂ ಬಂದು ಕೂರುತ್ತಾರೆ ಅಂತ ನನಗೆ ಗೊತ್ತಿತ್ತು.

"ಆ ಹಾಳು ಫೋನು ಸ್ವಿಚ್ ಆಫ್ ಮಾಡೇ," ಅಂದರು ನಮ್ಮವರು, ಹಿಂದೆ ತಿರುಗದೆ.

"ಇಲ್ಲಪ್ಪ," ಅಂದಳು. "ಹೊಡ್ಕೊಳ್ಲಿ. ಆಫ್ ಮಾತ್ರ ಮಾಡಲ್ಲ."