ಕಸೂತಿ ಹಾಕಿದ ಟ್ರ್ಯಾಕು

ಸೋಮವಾರ ಬೆಳಿಗ್ಗೆ ಕಾರು ತೊಳೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ನಿಜವಾದ ಕಾರಲ್ಲ, ಅದಕ್ಕೆ ಡ್ರೈವರ್ ಇದ್ದ. ಇವು ಹೆಬ್ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ಕಾರುಗಳು, ಆಟದ ಡಬ್ಬಿಯವು. ಸ್ಟೀಲ್ ಬಟ್ಟಲಿನ ಬಿಸಿನೀರಿಗೆ ಹಾಕಿ ಸೋಪಿನ ಪುಡಿ ಉದುರಿಸಿದರೆ ಮೊದಲು ಮೇಲೆ ತೇಲುತ್ತಿದ್ದುದು ಮಿರ್ಚಿಯ ಎಣ್ಣೆ. ಹಳೆಯ ಬ್ರಷ್‌ನಿಂದ ಗಾಲಿಯ ಸಂದಿ ಉಜ್ಜಿದರೆ ಅದಿರಿನ ಕೆಂಪು ಧೂಳು ಬಿಡುತ್ತಿತ್ತು. ಗುಟ್ಕಾದ ವಾಸನೆ ಮಾತ್ರ ಹೋಗುತ್ತಿರಲಿಲ್ಲ. ಒಣಗಿಸಿ ಮೂಗಿನ ಹತ್ತಿರ ಹಿಡಿದರೆ ನಿನ್ನೆ ಮೇಜಿನ ಸುತ್ತ ಕುಳಿತಿದ್ದವರ ಬಾಯಿ ಮತ್ತೆ ಎದುರಿಗೆ ಬಂದಂತಾಗುತ್ತಿತ್ತು.

ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಕೆಂಪು ತಲುಪದ ಜಾಗವೇ ಇರಲಿಲ್ಲ. ದೋಸೆ ಹಿಟ್ಟಿಗೆ ಮುಚ್ಚಿದ ತಟ್ಟೆಯ ಮೇಲೆ ಬೆರಳಾಡಿಸಿದರೆ ಹಣೆಗಿಡುವಷ್ಟು ಬರುತ್ತಿತ್ತು. ಮಗಳ ಶಾಲೆಯ ಬಿಳಿ ಸಾಕ್ಸು ಎಷ್ಟು ನೀಲಿ ಹಾಕಿದರೂ ಗೋಧಿಹಿಟ್ಟಿನ ಬಣ್ಣಕ್ಕೇ ನಿಲ್ಲುತ್ತಿತ್ತು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಬಿಳಿಯನ್ನು ಬಿಳಿಯಾಗಿ ಇಡುವುದನ್ನು ಸಿಸ್ಟರುಗಳು ಒಂದು ವ್ರತದಂತೆ ಕಲಿಸಿದ್ದರು. ನಮ್ಮ ಮನೆಯವರು ನನ್ನ ಒರೆಸುವಿಕೆ ನೋಡಿ ನಗುತ್ತಿದ್ದರು. "ಲಕ್ಷ್ಮಿ ಅದು. ಹಂಗ ಒರಸಿ ಹೊರಗ ಹಾಕ್ತಾರೇನು?"

ಅವರಿಗೂ ನನ್ನ ಮೈದುನನಿಗೂ ಗೊಬ್ಬರದ ಅಂಗಡಿ ಇತ್ತು. ಅದಿರಿಗೆ ಬೆಲೆ ಬಂದಾಗ ಅಂಗಡಿ ಮುಚ್ಚಿ ಲಾರಿ ತೆಗೆದುಕೊಂಡರು. ಒಂದಾಯಿತು, ಆಮೇಲೆ ಸಾಲಾಗಿ ನಿಂತವು. ಅವರ ಜೊತೆ ಸೇರಿದವರು ಕಂಪ್ಲಿಯ ಒಬ್ಬ ಗಿರಣಿ ಸಾಹುಕಾರರು. ಭತ್ತದ ಗಿರಣಿಯನ್ನು ತಮ್ಮನಿಗೆ ಬಿಟ್ಟು ತಾವೂ ಲಾರಿ ದಂಧೆಗೆ ಬಿದ್ದವರು. ಬಂದಾಗಲೆಲ್ಲ ಒಂದು ಚೀಲ ಅಕ್ಕಿ ತಂದು ಇಳಿಸಿ "ತಂಗೀ, ಅನ್ನ ಮಲ್ಲಿಗಿ ಆಗತೈತಿ ನೋಡು" ಎನ್ನುತ್ತಿದ್ದರು. ಅನ್ನ ನಿಜಕ್ಕೂ ಮಲ್ಲಿಗೆಯಂತೆಯೇ ಆಗುತ್ತಿತ್ತು. ತಿಂದ ಎಲೆಯ ಮೇಲೆಯೇ ಅವರು ಬಾಯಿ ಮುಕ್ಕಳಿಸಿ ಉಗುಳುತ್ತಿದ್ದರು.

ಆಟವನ್ನು ತಂದದ್ದು ಮೈದುನ. ಅದಿರು ಕೊಳ್ಳುವವರನ್ನು ನೋಡಲು ಸಿಂಗಾಪುರಕ್ಕೆ ಹೋಗಿ ಬಂದಿದ್ದ. ಡಬ್ಬಿಯಲ್ಲಿ ಮಡಚುವ ರಟ್ಟಿನ ಟ್ರ್ಯಾಕು, ಕಾರುಗಳು, ದಾಳಗಳು. ನಿಯಮದ ಪುಸ್ತಕ ಇಂಗ್ಲಿಷಿನಲ್ಲಿದ್ದುದರಿಂದ ಓದಿ ಹೇಳಿಕೊಟ್ಟವಳು ನಾನೇ. ಮೇಲಿನ ಗೇರಿಗೆ ಹೋದಷ್ಟೂ ಹೆಚ್ಚು ಮನೆ ಓಡಬಹುದು. ಆದರೆ ತಿರುವು ಬಂದಾಗ ಗೇರು ಇಳಿಸಬೇಕು, ಇಳಿಸದಿದ್ದರೆ ಟೈರು ಸವೆಯುತ್ತದೆ, ಹೆಚ್ಚು ಸವೆದರೆ ಕಾರು ಟ್ರ್ಯಾಕಿನಿಂದ ಹೊರಗೆ. ಲಾರಿಯವರಿಗೆ ಇದನ್ನು ಎರಡನೇ ಸಲ ಹೇಳುವ ಅಗತ್ಯ ಬೀಳಲಿಲ್ಲ.

ಒಂದೇ ಟ್ರ್ಯಾಕು ಬೇಗ ಬೇಸರವಾಯಿತು. ಹೆಚ್ಚಿನ ಟ್ರ್ಯಾಕುಗಳು ಬೇರೆಯಾಗಿ ಸಿಗುತ್ತವೆ ಎಂದು ಗೊತ್ತಾದ ಮೇಲೆ ಮೈದುನ ಹೋದ ಕಡೆಯಿಂದೆಲ್ಲ ಹೊತ್ತು ತಂದ. ಒಂದರಲ್ಲಿ ಸಮುದ್ರದ ಪಕ್ಕದ ಊರು, ಒಂದರಲ್ಲಿ ಪೈನ್ ಮರಗಳ ಕಾಡು, ಒಂದರಲ್ಲಿ ಪುಟ್ಟ ಪುಟ್ಟ ಬಿಳಿ ಹಾಯಿದೋಣಿ. ಮಧ್ಯಾಹ್ನ ಯಾರೂ ಇಲ್ಲದಾಗ ನಾನು ಅವನ್ನು ಮೇಜಿನ ಮೇಲೆ ಬಿಡಿಸಿ ಸುಮ್ಮನೆ ನೋಡುತ್ತಿದ್ದೆ. ಅಷ್ಟು ವೇಗದ ರಸ್ತೆ, ಆದರೆ ಅಂಚಿನ ಬಿಳಿ ಪಟ್ಟಿಯ ಮೇಲೆ ಒಂದು ಕಲೆ ಇಲ್ಲ. ಭಾನುವಾರ ಆ ಸಮುದ್ರದ ನಡುವೆಯೇ ಮಂಡಕ್ಕಿ ಮಿರ್ಚಿಯ ಪ್ಲೇಟು ಇಡುತ್ತಿದ್ದರು. ಎಣ್ಣೆ ಇಳಿದು ದೋಣಿಗಳು ಕಂದಿದವು.

ಅದೇ ದಿನಗಳಲ್ಲಿ ನಮ್ಮ ಅಕ್ಕ ನನ್ನಿಂದ ಒಂದೇ ಒಂದು ಸಹಾಯ ಕೇಳಿದಳು.

ಅಕ್ಕನನ್ನು ಕೊಟ್ಟದ್ದು ಸಂಡೂರು ರಸ್ತೆಯ ಒಂದು ಹಳ್ಳಿಗೆ. ಅವಳ ಮನೆ ತಿರುವಿನ ಹೊರಮಗ್ಗುಲಲ್ಲಿದೆ. ಇಳಿಜಾರಿನಲ್ಲಿ ಬರುವ ಅದಿರಿನ ಲಾರಿ ತಿರುಗದೆ ನೇರ ಬಂದರೆ ಅವಳ ಅಂಗಳಕ್ಕೇ ಬರಬೇಕು. ಒಂದು ಬಂದಿತ್ತು. ದನದ ಕೊಟ್ಟಿಗೆಯ ಗೋಡೆ ಕೆಡವಿ ಗೋದಲಿಯ ಹತ್ತಿರ ನಿಂತಿತ್ತು. ದನ ಮೇಯಲು ಹೋಗಿದ್ದರಿಂದ ಉಳಿದವು. ಊರಿನ ನಳ ರಸ್ತೆಯ ಆಚೆಗಿದ್ದುದರಿಂದ ಹೆಂಗಸರು ಕೊಡ ಹೊತ್ತು ಆ ಲಾರಿಗಳ ಸಾಲನ್ನೇ ದಾಟಬೇಕು. ತಿರುವಿಗೆ ಮುಂಚೆ ರಸ್ತೆಗೆ ಅಡ್ಡಲಾಗಿ ಒಂದು ಉಬ್ಬು ಹಾಕಿಸಬೇಕು, ಅಕ್ಕ ಕೇಳಿದ್ದು ಇಷ್ಟೇ. ರಸ್ತೆ ನೋಡಿಕೊಳ್ಳುವವರ ಹತ್ತಿರ ಊರಿನವರು ಹೋದರೆ, ಲಾರಿ ಮಾಲೀಕರು ತಕರಾರು ಮಾಡುತ್ತಾರೆ, ಅವರು ಹೂಂ ಎಂದರೆ ನಾಳೆಯೇ ಹಾಕುತ್ತೇವೆ ಎಂದಿದ್ದರಂತೆ. ಆ ಮಾಲೀಕರಲ್ಲಿ ಮಾತು ನಡೆಯುವ ಮೂವರು ಪ್ರತಿ ಭಾನುವಾರ ನನ್ನ ಮೇಜಿನ ಸುತ್ತ ಕೂರುತ್ತಿದ್ದರು.

"ನಿಮ್ಮ ಮನಿಯವರಿಗೆ ಒಂದು ಮಾತು ಹಾಕವ್ವಾ. ನಿಮ್ಮ ಲಾರಿ ನಿಲ್ಲಸ್ರಿ ಅಂದೇನು? ಸಾವಕಾಶ ಹೋಗ್ರಿ ಅಂತೀನಿ ಅಷ್ಟ."

ಹೇಳಿದೆ. "ನೋಡೋಣ" ಎಂದರು. ಇನ್ನೊಮ್ಮೆ ಹೇಳಿದಾಗಲೂ ಅಷ್ಟೇ.

ಒಂದು ಭಾನುವಾರ ಮೈದುನ ದಾಳ ಎಸೆದು ಆಕಳಿಸಿದ. "ಅತ್ತಿಗಿ, ಈ ಊರೆಲ್ಲ ಬಾಯಿಪಾಠ ಆದ್ವು. ನಮ್ಮದs ಒಂದು ಟ್ರ್ಯಾಕ್ ಮಾಡಿಕೊಡ್ರಿ. ಸಂಡೂರಿಂದ ಹೊಸಪೇಟಿಗೆ. ನಿಮ್ಮ ಕೈ ಮಸ್ತ್ ಐತಿ."

ನಾನು ಒಪ್ಪಿಕೊಂಡೆ. ಒಪ್ಪಿದ್ದಕ್ಕೆ ಕಾರಣವಿತ್ತು. ಆ ರಸ್ತೆಯನ್ನು ಇವರು ದಿನವೂ ಗಾಡಿಯೊಳಗಿಂದ ನೋಡುತ್ತಾರೆ. ಮೇಲಿನಿಂದ ನೋಡಿದರೆ ತಿರುವು ಎಲ್ಲಿ, ಮನೆ ಎಲ್ಲಿ, ನಳ ಎಲ್ಲಿ ಎಂದು ಕಂಡೀತು ಎಂದುಕೊಂಡೆ. ರಟ್ಟಿನ ಮೇಲೆ ಬರೆದರೆ ಮಿರ್ಚಿಯ ಎಣ್ಣೆಗೆ ಉಳಿಯುವುದಿಲ್ಲವೆಂದು ಬಟ್ಟೆ ಆರಿಸಿದೆ, ದಪ್ಪ ಹತ್ತಿಯ ಹಾಸಿಗೆ ಹೊದಿಕೆ. ಸರಪಳಿ ಹೊಲಿಗೆಯಲ್ಲಿ ರಸ್ತೆ, ಅದರೊಳಗೆ ಕಾರು ಓಡಲು ಚೌಕ ಚೌಕವಾಗಿ ಆಟದ ಮನೆಗಳು. ಸಂಡೂರಿನ ಗುಡ್ಡಕ್ಕೆ ಹಸಿರು ದಾರ ತೆಗೆದುಕೊಂಡವಳು ಅರ್ಧಕ್ಕೆ ನಿಲ್ಲಿಸಿ ಇಟ್ಟಿಗೆ ಕೆಂಪು ಪೋಣಿಸಿದೆ. ಅಕ್ಕನ ಮನೆಗೆ ಹಳದಿ, ಕೊಟ್ಟಿಗೆಗೆ ಕಂದು, ನಳಕ್ಕೆ ಒಂದು ನೀಲಿ ಗಂಟು. ಬಟ್ಟೆಯ ಬೆನ್ನೂ ಮುಖದಷ್ಟೇ ಚೊಕ್ಕ ಇರಬೇಕೆಂದು ಸಿಸ್ಟರ್ ಬೈಯುತ್ತಿದ್ದುದು ನೆನಪಾಗಿ ಹಿಂದಿನ ದಾರಗಳನ್ನೂ ಮುಚ್ಚಿದೆ.

ಬಿಡಿಸಿದಾಗ ಮೂವರೂ ಹೋ ಎಂದರು. ಸಾಹುಕಾರರು ಗುಡ್ಡದಿಂದ ಬೆರಳು ಎಳೆದುಕೊಂಡು ಬಂದು ಹಳದಿ ಮನೆಯ ಮೇಲೆ ನಿಲ್ಲಿಸಿದರು. "ಇದು ಅಕ್ಕಾರ ಮನಿ ಅಲ್ಲೇನು?"

"ಹೌದ್ರಿ" ಎಂದೆ. ಮನೆ ಕಂಡಿತಲ್ಲ ಎಂದು ಮನಸ್ಸು ಹಗುರಾಯಿತು.

ಮೈದುನ ಚಪ್ಪಾಳೆ ತಟ್ಟಿದ. "ಹಂಗಾರ ರೂಲು ಮಾಡೋಣ. ತಿರುವಿನಾಗ ಗೇರ್ ಇಳಸದs ಹೋದಂವ ಸೀದಾ ಅಕ್ಕಾರ ಮನ್ಯಾಗ. ಒಂದು ಸುತ್ತು ಅಲ್ಲೇ ಕುಂದ್ರಬೇಕು."

"ಕುಂತು ಏನು ಮಾಡೋದಲೇ?" ಎಂದರು ನಮ್ಮ ಮನೆಯವರು.

"ಚಾ ಕುಡೀಬೇಕು!"

ನಗು. ಸಾಹುಕಾರರ ಬಾಯಿಯ ಕೆಂಪು ಹನಿ ಹೊಸ ಬಟ್ಟೆಯ ಮೇಲೆ, ನೀಲಿ ಗಂಟಿನ ಪಕ್ಕ ಬಿತ್ತು. ಆ ಸಂಜೆ ಕಪ್ಪು ಕಾರು, ಹಳದಿ ಕಾರು, ಎಲ್ಲವೂ ಸರದಿಯ ಮೇಲೆ ಅಕ್ಕನ ಮನೆಗೆ ನುಗ್ಗಿದವು. ನಮ್ಮ ಮನೆಯವರು ಬೇಕೆಂದೇ ನುಗ್ಗಿಸುತ್ತಿದ್ದರು. ನಾನು ಚಹಾ ತಂದಿಟ್ಟು ಒಳಗೆ ಹೋಗಿ ಬಹಳ ಹೊತ್ತು ಕೈ ತೊಳೆದೆ. ಅಸಹ್ಯ ಎಂಬ ಪದವನ್ನು ಅದುವರೆಗೆ ಬಚ್ಚಲು, ಹುಳುಬಿದ್ದ ಹಿಟ್ಟು ಇಂಥವಕ್ಕೆ ಬಳಸುತ್ತಿದ್ದೆ. ಗಂಡನ ನಗುವಿಗೆ ಬಳಸಬೇಕಾಗಿ ಬಂದದ್ದು ಆವತ್ತೇ ಮೊದಲು.

ಕೆಲವು ವಾರಗಳ ನಂತರ ಅಕ್ಕ ತಾನೇ ಕೇಳುತ್ತೇನೆಂದು ಭಾನುವಾರ ಬಸ್ಸು ಹತ್ತಿ ಬಂದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ನನ್ನ ಕೈಗಿತ್ತು ಸೀದಾ ಮೇಜಿನ ಹತ್ತಿರ ನಿಂತಳು. ಆಟ ನಡೆದಿತ್ತು. ನೀಲಿ ಕಾರೊಂದು ಹಳದಿ ಮನೆಯ ಮೇಲೆ ಕೂತಿತ್ತು.

"ಇದೇನು, ನಮ್ಮೂರು ಇದ್ದಂಗ ಐತಿ?"

"ನಿಮ್ಮ ಮನಿಗೇ ಬಂದೀನ್ರಿ ಅಕ್ಕಾರ, ಚಾ ಹಾಕ್ರಿ" ಎಂದರು ಸಾಹುಕಾರರು.

ಅಕ್ಕ ನೀಲಿ ಕಾರನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟಳು. ಸೊಂಟದ ಎಲೆ ಅಡಿಕೆಯ ಚೀಲ ಬಿಚ್ಚಿ ಒಂದು ಅಡಿಕೆ ಹೋಳು ತೆಗೆದು ತಿರುವಿಗೆ ಮುಂಚೆ ರಸ್ತೆಗೆ ಅಡ್ಡ ಇಟ್ಟಳು.

"ಇಲ್ಲಿ ಇದೊಂದು ಇರ್ಲಿ. ಈಗ ಆಡ್ರಿ, ನಮ್ಮ ಮನಿಗೆ ಹೆಂಗ ಬರ್ತೀರಿ ನೋಡೋಣು."

ನಮ್ಮ ಮನೆಯವರು ಮುಖ ಗಂಭೀರ ಮಾಡಿಕೊಂಡರು. "ಅಕ್ಕಾರ, ಅದು ನಿಮಗ ತಿಳಿಯಂಗಿಲ್ಲ. ಲೋಡ್ ಗಾಡಿ ಹಂಪ್ಸಿನ ಮ್ಯಾಗ ಫಸ್ಟ್ ಗೇರಿಗೆ ಬರಬೇಕು. ಡೀಸೆಲ್ ಕುಡೀತೈತಿ, ಟ್ರಿಪ್ ಕಮ್ಮಿ ಆಗತೈತಿ, ಮಾಲು ಚೆಲ್ಲತೈತಿ."

"ಮಾಲು ಚೆಲ್ಲಿದ್ರ ಬಳಕೊಂಡು ಕೊಡ್ತೀವ್ರಿ. ಮನಿಶಾರು ಚೆಲ್ಲಿದ್ರ ಹೆಂಗ ಬಳೀಬೇಕು?"

ಮೈದುನ ಉದ್ದ ಬಿಟ್ಟಿದ್ದ ಕಿರುಬೆರಳಿನ ಉಗುರಿನಿಂದ ಅಡಿಕೆ ಹೋಳನ್ನು ಟಪ್ ಎಂದು ಹೊಡೆದ. ಅದು ನೆಲಕ್ಕೆ ಬಿದ್ದು ಫ್ರಿಜ್ಜಿನ ಕೆಳಗೆ ಹೋಯಿತು. "ನಿಮ್ಮ ಸರದೀ ಸಾಹುಕಾರ್ರ, ಆಡ್ರಿ."

ಅಕ್ಕ ಚಹಾ ಕುಡಿಯಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನನ್ನನ್ನು ನೋಡಿ, "ಚೊಲೋ ಹೊಲದೀ ತಂಗಿ. ಕೊಟ್ಟಗಿ ಮಾತ್ರ ಈಗ ಹಂಗ ಇಲ್ಲ, ಗ್ವಾಡಿ ಬಿದ್ದೈತಿ" ಎಂದಳು. ಆ ಮಾತಿನಲ್ಲಿ ಚುಚ್ಚು ಇತ್ತೋ ಇಲ್ಲವೋ, ನನಗೆ ಚುಚ್ಚಿತು.

ಮರುದಿನ ಕಾರು ತೊಳೆಯಲಿಲ್ಲ. ಬಟ್ಟೆಯನ್ನು ಫ್ರೇಮಿಗೆ ಬಿಗಿದು ಕೂತೆ. ಕಾನ್ವೆಂಟಿನಲ್ಲಿ ಹೂವಿನ ಎಸಳು ಎದ್ದು ಕಾಣಲೆಂದು ಒಳಗೆ ದಾರ ತುಂಬಿ ಅದರ ಮೇಲೆ ಒತ್ತೊತ್ತಾಗಿ ಹೊಲಿಯುವುದನ್ನು ಕಲಿಸಿದ್ದರು. ಅಕ್ಕ ಅಡಿಕೆ ಇಟ್ಟ ಜಾಗದಲ್ಲಿ, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ, ಹಾಗೆ ಒಂದು ಉಬ್ಬು ಕಟ್ಟಿದೆ. ಕಪ್ಪು ಬಿಳಿ ಪಟ್ಟಿ ಬರುವಂತೆ ಕಟ್ಟಿದೆ. ಪ್ರತಿ ಹೊಲಿಗೆಯನ್ನೂ ಹಿಂದಿನಿಂದ ಗಂಟು ಹಾಕಿದೆ.

ಭಾನುವಾರ ಸಾಹುಕಾರರ ಕಾರು ಮೊದಲು ಅಲ್ಲಿಗೆ ಬಂತು. ಇಟ್ಟರು, ಮಗುಚಿತು. ಮತ್ತೆ ಇಟ್ಟರು, ಮತ್ತೆ ಮಗುಚಿತು. ಬಗ್ಗಿ ನೋಡಿದರು.

"ಇದೇನಿದು?" ನಮ್ಮ ಮನೆಯವರು ನನ್ನ ಕಡೆ ತಿರುಗಿದರು.

"ಹಂಪ್ಸ್ ರೀ."

"ಬಿಚ್ಚು ಅದನ್ನ."

"ಬಿಚ್ಚಿದ್ರ ಬಟ್ಟಿ ಹರೀತೈತ್ರಿ."

ಮೈದುನ ಉಗುರು ಹಾಕಿ ಕಿತ್ತು ನೋಡಿದ, ಬರಲಿಲ್ಲ. ಇಸ್ತ್ರಿ ತರಿಸಿ ಒತ್ತಿದ. ದಾರ ಹೊಳೆಯಿತೇ ಹೊರತು ತಗ್ಗಲಿಲ್ಲ. "ಅತ್ತಿಗಿ ಭಾಳ ಗಟ್ಟಿ ಅದಾರ" ಎಂದು ನಗಲು ನೋಡಿದ, ಯಾರೂ ಜೊತೆ ನಗಲಿಲ್ಲ. ಸಾಹುಕಾರರೇ, "ಇರ್ಲಿ ಬಿಡ್ರಿ, ಫಸ್ಟ್ ಗೇರಿನಾಗ ದಾಟೋಣು" ಎಂದರು. ಒಂದು ಆಟ ಹಾಗೆಯೇ ಆಡಿದರು. ಎಲ್ಲರೂ ಉಬ್ಬಿಗೆ ಮುಂಚೆ ಗೇರು ಇಳಿಸಿದರು, ನಿಧಾನ ದಾಟಿದರು, ಒಂದು ಕಾರೂ ಅಕ್ಕನ ಮನೆಗೆ ಹೋಗಲಿಲ್ಲ. ಹೊಸಪೇಟೆಗೆ ಎಲ್ಲವೂ ಬಂದು ಸೇರಿದವು.

"ಥೂ, ಮಜಾನs ಇಲ್ಲ" ಎಂದ ಮೈದುನ. ಬಟ್ಟೆಯನ್ನು ಮುದ್ದೆ ಮಾಡಿ ಕುರ್ಚಿಯ ಮೇಲೆ ಎಸೆದು ಹಾಯಿದೋಣಿಯ ಟ್ರ್ಯಾಕು ಬಿಡಿಸಿದ. ಮೂವರೂ ದಾಟಿ ನೋಡಿದ್ದರು. ಲಾರಿ ದಾಟಬಲ್ಲದು, ಊರೂ ಉಳಿಯುತ್ತದೆ ಎಂದು ತಮ್ಮ ಕೈಯಾರೆ ತಿಳಿದುಕೊಂಡು ಎದ್ದರು. ತಿಳಿಯದ ಜನರನ್ನು ನಾನು ಕ್ಷಮಿಸಬಲ್ಲೆ.

ಅಕ್ಕನ ಊರಿನ ಹೆಂಗಸರು ತಾವೇ ಕಲ್ಲು ಮಣ್ಣು ಹಾಕಿ ಉಬ್ಬು ಮಾಡಿದರು. ಲಾರಿಯವರು ಸಲಿಕೆ ತಂದು ಕೆರೆದು ಹಾಕಿದರು. ಇವರು ಮತ್ತೆ ಹಾಕಿದರು, ಅವರು ಮತ್ತೆ ಕೆರೆದರು. ಹಾಗೆ ಕೆರೆದು ಸಪಾಟಾಗಿದ್ದ ಒಂದು ಬೆಳಿಗ್ಗೆ ಅಕ್ಕ ನಳದಿಂದ ಬರುವಾಗ ಲಾರಿಯೊಂದು ತಿರುವು ತಪ್ಪಿತು. ಅಕ್ಕ ಕೊಡ ಬಿಟ್ಟು ಚರಂಡಿಗೆ ಹಾರಿದಳು. ಪ್ರಾಣ ಉಳಿಯಿತು, ಬಲಗೈ ಮೂಳೆ ಮುರಿಯಿತು. ಕೂಡಿದರೂ ಸೊಟ್ಟಗೇ ಕೂಡಿತು. ರೊಟ್ಟಿ ಬಡಿಯುವ ಕೈ ಅದು.

ನಮ್ಮ ಮನೆಯವರು ಸೇಬು ಹಣ್ಣು ತೆಗೆದುಕೊಂಡು ನನ್ನ ಜೊತೆ ನೋಡಲು ಬಂದರು. "ಆ ಡ್ರೈವರನ್ನ ಕೆಲಸದಿಂದ ತಗಸೀವ್ರಿ ಅಕ್ಕಾರ" ಎಂದರು, ದೊಡ್ಡ ಉಪಕಾರ ಮಾಡಿದವರಂತೆ.

"ಅಂವಗೂ ಹೆಂಡ್ತಿ ಮಕ್ಕಳು ಇರ್ತಾರ, ಅಂವನ್ನ ಯಾಕ ತಗಸಿದ್ರಿ? ಹಂಪ್ಸಿಂದು ಹೇಳ್ರಿ."

"ನೋಡೋಣ್ರಿ" ಎಂದು ಸೇಬಿನ ಚೀಲವನ್ನು ಅವಳ ಮುರಿದ ಕೈಯ ಪಕ್ಕ ಇಟ್ಟರು. ಹಣ್ಣುಗಳಿಗೆ ಮೇಣದ ಹೊಳಪು ಇತ್ತು. ಅದರ ಮೇಲೂ ಆಗಲೇ ಕೆಂಪು ಕೂತಿತ್ತು.

ಆಮೇಲೆ ಕೋರ್ಟಿನ ಆದೇಶ ಬಂದು ಗಣಿಗಳು ನಿಂತವು. ಲಾರಿಗಳು ಊರ ಹೊರಗಿನ ಬಯಲಿನಲ್ಲಿ ಗಾಲಿ ಕುಸಿದು ಸಾಲಾಗಿ ನಿಂತವು. ಸಾಹುಕಾರರು ಕಂಪ್ಲಿಗೆ ಮರಳಿ ಭತ್ತ ನೋಡಿಕೊಂಡರು. ಕಾರುಗಳು ಡಬ್ಬಿಯೊಳಗೆ ಅಂಟಿಕೊಂಡೇ ಉಳಿದವು, ತೊಳೆಯಲು ನಾನು ಹೋಗಲಿಲ್ಲ.

ಸಂಡೂರು ರಸ್ತೆ ಖಾಲಿಯಾದ ಮೇಲೆ, ತಕರಾರು ಮಾಡುವವರು ಯಾರೂ ಇಲ್ಲದಾಗ, ಅಕ್ಕನ ಮನೆಯ ತಿರುವಿಗೆ ಉಬ್ಬು ಹಾಕಿದರು. ಅಕ್ಕ ಫೋನ್ ಮಾಡಿ ಕರೆದಳು. ಹೋದೆ. ಸಂಜೆ ಅದರ ಮೇಲೆ ಕೂತು ಎಡಗೈಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಅಷ್ಟು ಹೊತ್ತು ಕೂತರೂ ಅವಳನ್ನು ಎಬ್ಬಿಸಲು ಒಂದು ಗಾಡಿಯೂ ಬರಲಿಲ್ಲ. ಪಕ್ಕದ ಮನೆಯ ಕೋಳಿಯೊಂದು ಮರಿಗಳನ್ನು ಕಟ್ಟಿಕೊಂಡು ಉಬ್ಬು ಹತ್ತಿ ಇಳಿಯಿತು.

"ನೋಡು, ಕೋಳಿ ಜೋರಾಗಿ ಓಡಬಾರದಂತ ಹಂಪ್ಸ್ ಹಾಕ್ಯಾರ" ಎಂದಳು ಅಕ್ಕ.

ನನಗೆ ನಗು ಬರಲಿಲ್ಲ. ಚಪ್ಪಲಿ ಬಿಟ್ಟು ಹೆಬ್ಬೆರಳಿನಿಂದ ಅದರ ಅಂಚನ್ನು ಒತ್ತಿ ನೋಡಿದೆ. ಜಲ್ಲಿ ಆಗಲೇ ಪುಡಿ ಪುಡಿಯಾಗಿ ಬಿಟ್ಟು ಬಂತು.