ನಾನು ಹಾಕಿದ ಎರಡನೇ ಇಲಿ

ನಮ್ಮಣ್ಣನ ಬಲಗೈ ಮಣಿಕಟ್ಟಿನ ಮೇಲೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಚುಕ್ಕೆಗಳ ಸಾಲೊಂದಿತ್ತು. ಅವನು ಸಾಕಿದ ಕೇರೆಹಾವು ಮೊದಲ ದಿನ ಕಚ್ಚಿದ ಗುರುತು. ಮಸಗುಪ್ಪಿಯ ನಮ್ಮ ಹೊಲದಲ್ಲಿ ಉಳುವಾಗ ರಂಟೆ ತಾಗಿ ಅದರ ಬಾಲ ತುಂಡಾಗಿತ್ತು. ಬೇಟೆಯಾಡಲಾರದ ಅದನ್ನು ತಂದು, ಕೊಟ್ಟಿಗೆಯಲ್ಲಿ ಮುಚ್ಚಳದ ಬುಟ್ಟಿಯೊಳಗಿಟ್ಟು ಆರು ವರ್ಷ ಸಾಕಿದ.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಅವನು ಶಾಲೆಯ ಕಟ್ಟೆಯನ್ನೇ ಹತ್ತಿದವನಲ್ಲ. ಆದರೂ ಬೆಳೆದ ಹಾವಿಗೆ ಎಷ್ಟು ಹಾಕಬೇಕೆಂದು ಮೂಡಲಗಿ ಸಂತೆಯಲ್ಲಿ ಹಾವಾಡಿಗರೂ ಅವನನ್ನೇ ಕೇಳುತ್ತಿದ್ದರು. ಹತ್ತು ದಿನಕ್ಕೊಂದು ಇಲಿ. ಅದು ಹಾವಿನ ನಡುವಿಗಿಂತ ದಪ್ಪವಿರಬಾರದು. ಹೊಟ್ಟೆಯ ಗಂಟು ಇಳಿಯುವ ತನಕ ಮುಟ್ಟಬಾರದು.

ಈ ಹಟಕ್ಕೆ ನನಗೆ ಸಿಟ್ಟು ಬರುತ್ತಿತ್ತು. "ಅಣ್ಣಾ, ಹಸದು ಬಿದ್ದೈತಿ, ಇನ್ನೊಂದು ಹಾಕು" ಎಂದರೆ, "ಉಂಡೆದ್ದು ಮತ್ತ ರೊಟ್ಟಿ ಬುಟ್ಟಿಗಿ ಕೈ ಹಾಕಾಕ ಅದೇನು ನೀನಾ ತಂಗಿ?" ಎಂದು ನಗುತ್ತಿದ್ದ.

ಒಂದು ವರ್ಷ ಯಮಕನಮರಡಿಯ ಗಂಡನ ಮನೆಯಿಂದ ಪಂಚಮಿಗೆ ಬಂದಿದ್ದೆ. ಹಬ್ಬಕ್ಕೆ ಎರಡು ದಿನ ಮೊದಲು ಹಾವಿಗೆ ಇಲಿ ಹಾಕಿ, ಅಣ್ಣ ಎತ್ತು ತರಲು ಹುಕ್ಕೇರಿಗೆ ಹೊರಟ. "ನೀರಷ್ಟ ಇಡು. ಮತ್ತೇನೂ ಹಾಕಬ್ಯಾಡ" ಎಂದು ಎರಡು ಸಲ ಹೇಳಿದ.

ಹಬ್ಬದ ದಿನ ಓಣಿಯ ಹೆಂಗಸರು ಮಣ್ಣಿನ ನಾಗಪ್ಪನಿಗೆ ಹಾಲೆರೆದು, ಜೀವಂತ ಹಾವನ್ನು ನೋಡಲು ಬಂದರು. ಪಕ್ಕದ ಮನೆಯ ಕಾಕು ಬುಟ್ಟಿಯಲ್ಲಿ ಇಣುಕಿ, "ನಾವೆಲ್ಲಾ ಉಂಡಿ ತಿನ್ನಾಕತ್ತೇವಿ, ಇದಕ್ಕ ಉಪಾಸ ಏನವಾ? ನಿಮ್ಮಣ್ಣಂದು ಭಾಳ ಬಿಗಿ ಕೈ ಬಿಡು" ಎಂದಳು. ಎಲ್ಲರೂ ನಕ್ಕರು. ನಾಗಪ್ಪನ ಹಬ್ಬದಲ್ಲಿ ಹಾವನ್ನೇ ಉಪವಾಸ ಕೆಡವಿದ ಮನೆ ಎನ್ನಿಸಿಕೊಳ್ಳಬೇಕೆ? ಅವರು ಹೋದ ಮೇಲೆ, ಬೋನಿಗೆ ಬಿದ್ದಿದ್ದ ದೊಡ್ಡ ಇಲಿಯನ್ನು ಬುಟ್ಟಿಗೆ ಬಿಟ್ಟೆ. ಹಾವು ನುಂಗಿತು. ನನಗೆ ಸಮಾಧಾನವಾಯಿತು.

ಮರುದಿನ ಹಾವು ಎರಡೂ ಇಲಿಗಳನ್ನು ಕಾರಿಕೊಂಡು ಸತ್ತುಬಿದ್ದಿತ್ತು. ನಾನು ಹಾಕಿದ್ದನ್ನು ತಿಪ್ಪೆಯಲ್ಲಿ ಹೂತೆ. ಅಣ್ಣ ಹಾಕಿದ್ದನ್ನು ಅಲ್ಲೇ ಬಿಟ್ಟೆ.

ಸಂಜೆ ಬಂದವನು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಏನರ ಹಾಕಿದ್ಯೇನ ತಂಗಿ?"

"ಇಲ್ಲಣ್ಣಾ."

ಕಾರಿದ ಇಲಿಯನ್ನು ಹಾವಿನ ನಡುವಿಗೆ ಹಿಡಿದು ನೋಡಿ, "ಹಂಗಾರ ನನ್ನ ಅಳತೀನ ತಪ್ಪಿತು" ಎಂದ.

ಆಮೇಲೆ ಸಂತೆಯಲ್ಲಿ ಯಾರು ಕೇಳಿದರೂ, "ನನಗ ಗೊತ್ತಿಲ್ರಿ, ಬ್ಯಾರೆ ಯಾರನ್ನರ ಕೇಳ್ರಿ" ಎನ್ನುತ್ತಿದ್ದ. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದೇನೆ.

ಕೊನೆಗೆ ಅವನು ಜ್ವರದಲ್ಲಿ ಮಲಗಿದಾಗ ಎಂಟು ದಿನ ಪಕ್ಕದಲ್ಲಿ ಕುಳಿತು ಗಂಜಿ ಕುಡಿಸಿದೆ. ಒಂದು ಮಾತು ಹೇಳಲು ಎಂಟು ದಿನ ಬೇಕಿರಲಿಲ್ಲ. ಹೇಳಲಿಲ್ಲ. ಬಲ್ಲವನನ್ನು ಏನೂ ಅರಿಯದವನಂತೆ ಮಣ್ಣಿಗೆ ಕಳಿಸಿದೆ.